ಮುಂಬೈನ ಕನ್ನಡ ಹೈಸ್ಕೂಲು ಕನ್ನಡ ಮೀಡಿಯಮ್ಮಲ್ಲೇ ಇರ್ಬೇಕಾ?

ಪರ: ಹೌದು, ಇರ್ಲೇಬೇಕು

ನಾನು ಊರು ಬಿಟ್ಟು ಬಂದಾಗ ಏಳನೇ ಕ್ಲಾಸು ಮುಗ್ಸಿದ್ದೆ ಅಷ್ಟೇ. ಫೋರ್ಟಲ್ಲಿ ಒಂದು ಉಡುಪಿ ಹೋಟೆಲು, ಬೆಳಗ್ಗೆಯಿಂದ ಟೇಬಲ್ ಒರೆಸೋದು, ಸಂಜೆ ಆದ್ರೆ ಧಣಿಗಳೇ "ಹೋಗಾ, ಶಾಲೆಗೆ ಹೊತ್ತಾಯ್ತು" ಅಂತ ಕಳಿಸ್ತಿದ್ರು, ಕೈಗೆ ಸಾಂಬಾರು ವಾಸನೆ ಹಾಗೇ ಇರ್ತಿತ್ತು, ಹಾಗೇ ಹೋಗಿ ಬೆಂಚಲ್ಲಿ ಕೂತ್ಕೊಳ್ತಿದ್ದೆ. ಕನ್ನಡ ರಾತ್ರಿ ಶಾಲೆ. ಬಡ್ಡಿ ಲೆಕ್ಕ, ಲಾಭ ನಷ್ಟ ಎಲ್ಲಾ ಕನ್ನಡದಲ್ಲಿ ಹೇಳಿದ್ಕೆ ತಲೆಗೆ ಹೋಯ್ತು, ಇಂಗ್ಲಿಷಲ್ಲಿ ಹೇಳಿದ್ರೆ ನಾನು ಎರಡನೇ ದಿನಾನೇ ಬಿಡ್ತಿದ್ದೆ. ಎಸ್ಸೆಸ್ಸಿ, ಅಂದ್ರೆ ಇಲ್ಲಿಯ ಹತ್ತನೇ ಕ್ಲಾಸಿನ ಪರೀಕ್ಷೆ, ಪಾಸಾದೆ, ಆಮೇಲೇ ಹೋಟೆಲ್ ಬಿಟ್ಟು ಆಫೀಸ್ ಕೆಲ್ಸ ಸಿಕ್ಕಿದ್ದು.

ಇಲ್ಲಿ ಕನ್ನಡ ಶಾಲೆ ಯಾಕೆ ಅಂತ ಕೇಳೋರಿಗೆ ಒಂದು ಮಾತು. 1956ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಎಲ್ಲಾ ಮುಂಬೈ ರಾಜ್ಯದಲ್ಲೇ ಇದ್ವು. ಕನ್ನಡ ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಇವತ್ತಿಗೂ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, ಪುಣೆಯ ಬಾಲಭಾರತಿ, ಕನ್ನಡದಲ್ಲಿ ಪಾಠಪುಸ್ತಕ ಮಾಡುತ್ತೆ, ಸೊಲ್ಲಾಪುರ ಅಕ್ಕಲಕೋಟೆ ಕಡೆ ಮಕ್ಕಳೂ ಅದನ್ನೇ ಓದ್ತಾರೆ, ಶಿವಾಜಿ ಮಹಾರಾಜರ ಇತಿಹಾಸಾನೂ ಕನ್ನಡದಲ್ಲೇ. ಸರ್ಕಾರವೇ ಕೊಟ್ಟಿರೋ ಸೌಕರ್ಯ, ನಾವೇ ಬೇಡ ಅಂತ ಬಿಟ್ರೆ ಇನ್ನೊಂದ್ಸಲ ಸಿಗುತ್ತಾ?

ಈಗ ಬಿಲ್ಡಿಂಗ್ ಕೆಲ್ಸಕ್ಕೆ ಯಾದಗಿರಿ, ಕಲಬುರಗಿಯಿಂದ ಬರೋರ ಮಕ್ಕಳು ಎಲ್ಲಿಗೆ ಹೋಗ್ಬೇಕು? ಇಂಗ್ಲಿಷ್ ಬೇಕು ಅಂದ್ರೆ ಸೆಮಿ ಇಂಗ್ಲಿಷ್ ಮಾಡಿ, ಗಣಿತ ವಿಜ್ಞಾನ ಇಂಗ್ಲಿಷಲ್ಲಿ, ಉಳಿದದ್ದು ಕನ್ನಡದಲ್ಲಿ. ಮರಾಠಿ ಶಾಲೆಗಳು ಮಾಡಿಲ್ವಾ?

ವಿರೋಧ: ಬೇಡ, ಇಂಗ್ಲಿಷ್ ಮಾಡಿ, ಕನ್ನಡ ಒಂದು ಸಬ್ಜೆಕ್ಟ್ ಆಗಿರ್ಲಿ

ಅಣ್ಣಾ, ನಿಮ್ಮ ಶಾಲೆಗೆ ನಾನೂ ಕೈ ಮುಗೀತೀನಿ. ಆದ್ರೆ ನಾನೂ ಇಲ್ಲೇ ಕನ್ನಡ ಮೀಡಿಯಂ ಓದಿದವಳು, ಹತ್ತರಲ್ಲಿ ಕ್ಲಾಸಿಗೆ ಫಸ್ಟ್. ಹನ್ನೊಂದಕ್ಕೆ ಸೈನ್ಸ್ ತಗೊಂಡೆ, ಅಲ್ಲಿ ಎಲ್ಲಾ ಇಂಗ್ಲಿಷು. ದ್ಯುತಿಸಂಶ್ಲೇಷಣೆ ಅಂದ್ರೆ ಚಿತ್ರ ಬರೆದು ಹೇಳೋಷ್ಟು ಗೊತ್ತಿತ್ತು, ಮೇಡಂ ಫೋಟೋಸಿಂಥೆಸಿಸ್ ಅಂದಾಗ ಅದು ಇದೇ ಅಂತಾನೇ ಗೊತ್ತಾಗ್ಲಿಲ್ಲ, ಎಲ್‌ಸಿಎಂ ಅಂದ್ರೆ ನಮ್ಮ ಲಸಾಅ ಅಂತ ತಿಳಿಯೋಕೆ ಒಂದು ವಾರ ಬೇಕಾಯ್ತು. ಕೇಳೋಕೆ ನಾಚಿಕೆ. ಆರು ತಿಂಗಳಿಗೆ ಸೈನ್ಸ್ ಬಿಟ್ಟು ಆರ್ಟ್ಸಿಗೆ ಹೋದೆ, ಆ ಸಂಕಟ ಇವತ್ತಿಗೂ ಹೋಗಿಲ್ಲ. ಸೆಮಿ ಇಂಗ್ಲಿಷ್ ಎಂಟನೇ ಕ್ಲಾಸಲ್ಲಿ ಶುರು ಮಾಡಿದ್ರೆ ಮಗು ಇದೇ ಕಷ್ಟ ಮೂರು ವರ್ಷ ಮುಂಚೆ ಪಡುತ್ತೆ, ಅಷ್ಟೇ ವ್ಯತ್ಯಾಸ.

ಯಾದಗಿರಿ ಮಕ್ಕಳ ಬಗ್ಗೆ ನೀವು ಹೇಳಿದ್ದು ನನ್ನನ್ನೂ ಕಾಡುತ್ತೆ. ಆದ್ರೆ ಅವರಮ್ಮಂದ್ರನ್ನ ಕೇಳಿ ನೋಡಿ, ಅವರಿಗೂ ಇಂಗ್ಲಿಷೇ ಬೇಕು, ಫೀಸಿಗೆ ದುಡ್ಡಿಲ್ಲ ಅಂತ ಸುಮ್ನಿದ್ದಾರೆ. ಕಡಿಮೆ ಫೀಸಲ್ಲಿ ನಮ್ಮ ಶಾಲೇನೇ ಕೊಡ್ಲಿ ಅಲ್ವಾ. ನಮ್ಮ ಟೀಚರ್‌ಗಳು ಮೇ ತಿಂಗಳ ಬಿಸಿಲಲ್ಲಿ ಚಾಳು ಚಾಳು, ಅಂದ್ರೆ ಸಾಲುಮನೆಗಳಿಗೆಲ್ಲಾ ಅಲೆದು, ಮಕ್ಕಳನ್ನ ನಮ್ಮ ಶಾಲೆಗೆ ಸೇರಿಸಿ ಅಂತ ಕೇಳ್ಕೊಂಡು ಬರ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

2020ರ ಕಾನೂನಿಂದ ಮರಾಠಿ ಎಲ್ಲಾ ಶಾಲೇಲೂ ಕಡ್ಡಾಯ, ಇಂಗ್ಲಿಷು ಹಿಂದಿ ಜೊತೆ ಕನ್ನಡಾನೂ ಅಂದ್ರೆ ಮಗುಗೆ ಭಾರ, ಒಪ್ತೀನಿ. ಆದ್ರೂ ದಿನಕ್ಕೊಂದು ಕನ್ನಡ ಪೀರಿಯಡ್ ಬೇಕೇ ಬೇಕು. ನನ್ನ ಮಗ ಬೇರೆ ಇಂಗ್ಲಿಷ್ ಶಾಲೇಲಿದ್ದಾನೆ, ಅಜ್ಜಿ ಕಳಿಸಿದ ವಾಟ್ಸಾಪ್ ಓದ್ಸೋಕೆ ಫೋನು ನನ್ನ ಹತ್ರ ತರ್ತಾನೆ. ನಮ್ಮ ಶಾಲೆ ಇಂಗ್ಲಿಷ್ ಮೀಡಿಯಂ ಬೋರ್ಡ್ ಹಾಕಿದ ಜೂನಲ್ಲೇ ಮಗಳನ್ನ ಅಲ್ಲಿಗೇ ಸೇರಿಸ್ತೀನಿ.