ಸ್ಪಷ್ಟನೆ: ‘ನಮಸ್ತೆ’ಯಲ್ಲಿ ‘ನ ಮಮ’ ಇಲ್ಲ

‘ನಮಃ ಅಂದರೆ ನ + ಮಮ, ಅಂದರೆ ನನ್ನದಲ್ಲ; ಅದರಿಂದಲೇ ನಮಸ್ತೆ ಹುಟ್ಟಿತು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಹೋದ ವಾರ ನಾನೂ ಹಂಚಿದ್ದೆ. ತಪ್ಪಾಯಿತು.

‘ನಮಸ್’ ಬಂದಿದ್ದು ‘ನಮ್’ ಧಾತುವಿನಿಂದ. ಅರ್ಥ, ಬಾಗು. ಪಾಣಿನಿಯ ಧಾತುಪಾಠದಲ್ಲಿ (ಧಾತುಗಳ ಪಟ್ಟಿಯಲ್ಲಿ) ಇದು ‘ಣಮ ಪ್ರಹ್ವತ್ವೇ ಶಬ್ದೇ ಚ’ ಎಂದಿದೆ. ಪ್ರಹ್ವತ್ವ ಅಂದರೂ ಬಾಗುವುದೇ. ನಮತಿ (ಬಾಗುತ್ತಾನೆ), ನನಾಮ (ಬಾಗಿದನು), ನಂಸ್ಯತಿ (ಬಾಗುವನು), ನತ, ನತ್ವಾ ಇದರ ರೂಪಗಳು. ಅಲ್ಲಿ ‘ಣ’ ಯಾಕೆ ಅಂತೀರಾ? ಸುಮ್ನೆ ಅಲ್ಲ. ಒಂಟಿಯಾಗಿದ್ದಾಗ ಅದು ‘ನ’ ಆಗುತ್ತದೆ. ಮುಂದೆ ಪ್ರ, ಪರಿ ಸೇರಿದರೆ ‘ಣ’ ಮತ್ತೆ ಕಾಣುತ್ತದೆ. ನಾವು ದಿನಾ ಬಳಸುವ ಪ್ರಣಾಮ, ಪರಿಣಾಮ, ಪರಿಣತ ನೋಡಿ. ಉನ್ನತ, ಅವನತಿಯೂ ಇದೇ ಮನೆಯವು. ‘ನ ಮಮ’ದಿಂದ ಇವು ಯಾವುವೂ ಹುಟ್ಟಲಾರವು, ಅಲ್ವಾ?

‘ತೇ’ ಅಂದರೆ ಇಲ್ಲಿ ‘ನಿನಗೆ’. ‘ನಮಃ’ ಜೊತೆ ಚತುರ್ಥಿ ವಿಭಕ್ತಿ (‘-ಗೆ’ ಅರ್ಥದ್ದು) ಬರಬೇಕೆಂದು ಪಾಣಿನಿಯ ವ್ಯಾಕರಣ ಗ್ರಂಥ ಅಷ್ಟಾಧ್ಯಾಯಿಯ 2.3.16ನೇ ಸೂತ್ರ ಹೇಳುತ್ತದೆ.

ಯಜ್ಞದಲ್ಲಿ ‘ಇದಂ ನ ಮಮ’ ಎನ್ನುವುದು ನಿಜ. ಭಕ್ತಿಯ ವಿವರಣೆಯಾಗಿ ‘ನ ಮಮ’ ಹಳೆಯದೇ, ಚೆನ್ನಾಗಿಯೂ ಇದೆ. ಪದದ ಹುಟ್ಟು ಮಾತ್ರ ಅದಲ್ಲ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ನನ್ನಿಂದ ಬಂದಿದ್ದರೆ ಅಳಿಸಿಬಿಡಿ.