ಎಡದಿಂದ ಮೂರನೇ ಇಲಿ

ಮಗಳು ಕಾಲೇಜಿಗೆ ಅಂತ ಮನೆ ಬಿಟ್ಟು ಮೂರು ವರ್ಷವಾಯಿತು. ನಮ್ಮ ಕಾರ್ಪೆಟ್ಟಿನಿಂದ ಇನ್ನೂ ಹೇರ್‌ಪಿನ್ ಹೊರಡುತ್ತಲೇ ಇವೆ. ವ್ಯಾಕ್ಯೂಮ್ ಹಾಕುವಾಗ ಕಟಕಟ ಅಂದರೆ ಸಾಕು, ಇನ್ನೊಂದು ಸಿಕ್ಕಿತು ಅಂತ ಗೊತ್ತಾಗುತ್ತದೆ. ಅವೆಲ್ಲ ಡಿಸೆಂಬರಿನ ಪಿನ್ನುಗಳು. ನ್ಯೂಜೆರ್ಸಿಗೆ ಬಂದ ಮೇಲೆ ಡಿಸೆಂಬರ್ ಅಂದರೆ ನನಗೆ ಒಂದು ತುರುಬಿಗೆ 22 ಪಿನ್ ಅನ್ನುವ ಲೆಕ್ಕ.

ಆರು ವರ್ಷಕ್ಕೆ ಅವಳನ್ನು ಬ್ಯಾಲೆ ಕ್ಲಾಸಿಗೆ ಸೇರಿಸಿದೆವು. ಸೇರಿಸಬೇಕು ಅಂತ ಇದ್ದದ್ದು ಭರತನಾಟ್ಯಕ್ಕೆ. ಅದು 40 ಮೈಲಿ ದೂರ, ಇದು ದಿನಸಿ ಅಂಗಡಿಯ ಪಕ್ಕದಲ್ಲೇ. ಬದುಕಿನ ಎಷ್ಟೋ ದೊಡ್ಡ ತೀರ್ಮಾನಗಳನ್ನು ಪಾರ್ಕಿಂಗ್ ಜಾಗ ಮಾಡಿಬಿಡುತ್ತದೆ.

ಇಲ್ಲಿ ಬ್ಯಾಲೆ ಕಲಿಸುವವರು, ಗಲ್ಲಿಯ ಶಾಲೆಯಿಂದ ದೊಡ್ಡ ಕಂಪನಿಯವರೆಗೆ, ಡಿಸೆಂಬರಿನಲ್ಲಿ ‘ನಟ್‌ಕ್ರ್ಯಾಕರ್’ ಆಡುತ್ತಾರೆ. ಗಣೇಶನ ಹಬ್ಬಕ್ಕೆ ನಮ್ಮೂರಲ್ಲಿ ಆರ್ಕೆಸ್ಟ್ರಾ ಇಡುತ್ತಿದ್ದರಲ್ಲ, ಹಾಗೆ. ಕತೆ ಇಷ್ಟೇ. ಕ್ರಿಸ್‌ಮಸ್ ಹಿಂದಿನ ರಾತ್ರಿ ಒಬ್ಬಳು ಹುಡುಗಿಗೆ ಸಿಪಾಯಿಯಂಥ ಮರದ ಗೊಂಬೆ ಸಿಗುತ್ತದೆ. ಬಾದಾಮಿ, ಆಕ್ರೋಟ ಒಡೆಯುವ ಗೊಂಬೆ ಅದು, ನಮ್ಮ ಅಡಕತ್ತರಿಯ ದೂರದ ನೆಂಟ. ಮಧ್ಯರಾತ್ರಿ ಇಲಿರಾಜ ದಂಡು ಕಟ್ಟಿಕೊಂಡು ಬರುತ್ತಾನೆ. ಹುಡುಗಿ ಕಾಲಿನ ಚಪ್ಪಲಿ ಕಿತ್ತು ಅವನ ಮೇಲೆ ಎಸೆಯುತ್ತಾಳೆ. ಗೊಂಬೆ ರಾಜಕುಮಾರನಾಗುತ್ತದೆ. ಹಿಮ ಬೀಳುತ್ತದೆ. ಅಲ್ಲಿಗೆ ಕತೆ ಮುಗಿಯಿತು, ಇನ್ನರ್ಧ ಆಟ ಬಾಕಿ! ಉಳಿದ ಹೊತ್ತೆಲ್ಲ ತಿಂಡಿಗಳು ಕುಣಿಯುತ್ತವೆ. ಸ್ಪೇನಿನ ಚಾಕೊಲೇಟ್, ಚೀನಾದ ಟೀ, ಅರಬರ ಕಾಫಿ.

ಕಾಫಿ ಬಂದಾಗ ನಾನು ಸ್ವಲ್ಪ ನೆಟ್ಟಗೆ ಕೂರುತ್ತೇನೆ. ಬಾಬಾಬುಡನ್ ಯೆಮನ್‌ನಿಂದ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದ ಕತೆ ಕೇಳಿ ಬೆಳೆದವಳು, ಅಷ್ಟು ಹಕ್ಕಿಲ್ಲವಾ? ಆಮೇಲೆ ತಿಳಿಯಿತು, ಆ ಕಾಫಿ ಕುಣಿತಕ್ಕೆ ಈ ಬ್ಯಾಲೆಯ ಸಂಗೀತ ಕಟ್ಟಿದ ಚೈಕೋವ್‌ಸ್ಕಿ ಎತ್ತಿಕೊಂಡದ್ದು ಜಾರ್ಜಿಯಾ ದೇಶದ ಒಂದು ಜೋಗುಳದ ಧಾಟಿಯಂತೆ. ಕಾಫಿ ಕುಡಿದರೆ ನಿದ್ದೆ ಬರುವುದು ನಮ್ಮತ್ತೆಗೆ ಮಾತ್ರ ಅಂದುಕೊಂಡಿದ್ದೆ.

1892ರ ಡಿಸೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇದು ಮೊದಲು ರಂಗಕ್ಕೆ ಬಂದಾಗ ಅಂಥ ಹೆಸರೇನೂ ಮಾಡಲಿಲ್ಲ. ಮಕ್ಕಳ ಗಲಾಟೆ ಜಾಸ್ತಿಯಾಯಿತು ಅಂತ ಬೈದವರೂ ಇದ್ದರು. ಮರುವರ್ಷವೇ ಚೈಕೋವ್‌ಸ್ಕಿ ತೀರಿಕೊಂಡರು. ಅಮೆರಿಕದಲ್ಲಿ ಇಡೀ ಬ್ಯಾಲೆ ಮೊದಲು ಆಡಿದ್ದು 1944ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 1954ರಲ್ಲಿ ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್ ನ್ಯೂಯಾರ್ಕ್‌ನಲ್ಲಿ ಹೊಸದಾಗಿ ಕಟ್ಟಿದರು. ಅವರು ಚಿಕ್ಕಂದಿನಲ್ಲಿ ಅದೇ ಪೀಟರ್ಸ್‌ಬರ್ಗ್‌ನಲ್ಲಿ ಇದೇ ಬ್ಯಾಲೆಯಲ್ಲಿ ಕುಣಿದವರು. ಬಿಟ್ಟುಬಂದ ಊರಿನ ಕ್ರಿಸ್‌ಮಸ್ಸನ್ನೇ ಮತ್ತೆ ಕಟ್ಟಲು ಹೊರಟ ಮನುಷ್ಯ, ರಂಗದ ಮೇಲಿನ ಕ್ರಿಸ್‌ಮಸ್ ಮರದ ವಿಷಯದಲ್ಲಿ ಬಿಲ್‌ಕುಲ್ ರಾಜಿಯಾಗಲಿಲ್ಲ. ಖರ್ಚು ಜಾಸ್ತಿ, ಮರ ಬಿಡೋಣವಾ ಅಂದವರಿಗೆ, ಮರವೇ ಬ್ಯಾಲೆ ಅಂದರಂತೆ. ಅಲ್ಲಿ ಮರ ಈಗಲೂ ಕಣ್ಣೆದುರೇ 12 ಅಡಿಯಿಂದ 41 ಅಡಿಗೆ ಬೆಳೆಯುತ್ತದೆ. ನಮ್ಮ ಮಗಳ ಶಾಲೆಯ ಮರ ಬೆಳೆಯುತ್ತಿರಲಿಲ್ಲ. ಒಂದು ವರ್ಷ ಬಿತ್ತು.

ಮೊದಲ ವರ್ಷ ಅವಳಿಗೆ ಸಿಕ್ಕಿದ್ದು ಇಲಿಯ ಪಾತ್ರ. ಎಂಟು ಇಲಿಗಳು. ಎಲ್ಲಕ್ಕೂ ಒಂದೇ ಬೂದು ಬಟ್ಟೆ, ಒಂದೇ ಮುಖವಾಡ, ಒಂದೇ ಬಾಲ. ಒಂದು ಗಂಟೆ ಕೂತು ಹಾಕಿದ ನನ್ನ 22 ಪಿನ್ನಿನ ತುರುಬು ಮುಖವಾಡದೊಳಗೆ ಹೋಯಿತು. ನಾನು ಎರಡನೇ ಸಾಲಿನಲ್ಲಿ ಕೂತು, ಚೆನ್ನಾಗಿ ಬಾಲ ಬೀಸುತ್ತಿದ್ದ ಇಲಿಯನ್ನು ಗುರುತು ಹಿಡಿದು, ಪೂರ್ತಿ ವಿಡಿಯೋ ಮಾಡಿದೆ. ಅಜ್ಜಿಗೆ, ಚಿಕ್ಕಮ್ಮಂದಿರಿಗೆ, ಮದುವೆಯಲ್ಲಿ ಒಮ್ಮೆ ಕಂಡವರಿಗೂ ಕಳಿಸಿದೆ. ಎಂಟು ವರ್ಷದ ಮೇಲೆ ಮಗಳು ಅದನ್ನು ನೋಡಿ, “ಅಮ್ಮಾ, ಇದು ನಾನಲ್ಲ. ನಾನು ಎಡದಿಂದ ಮೂರನೇದು,” ಅಂದಳು. ಎಡದಿಂದ ಮೂರನೇ ಇಲಿ ನನ್ನ ವಿಡಿಯೋದಲ್ಲಿ ಅರ್ಧ ಮಾತ್ರ ಇದೆ. ಬಾಲದ ಕಡೆಯ ಅರ್ಧ.

ಒಂದು ಡಿಸೆಂಬರಿಗೆ ಅಮ್ಮ ತಿಪಟೂರಿನಿಂದ ಬಂದಿದ್ದಳು. ಅಷ್ಟು ಹೊತ್ತಿಗೆ ಮೊಮ್ಮಗಳು ತುದಿಗಾಲಿನ ಶೂ ಹಾಕುವಷ್ಟು ದೊಡ್ಡವಳಾಗಿದ್ದಳು. ಆ ಶೂ ತುದಿಯಲ್ಲಿ ಕಬ್ಬಿಣವೋ ಮರವೋ ಇದೆ ಅಂತ ನಾನೂ ನಂಬಿದ್ದೆ. ಇರುವುದು ಬರೀ ಕಾಗದ, ಬಟ್ಟೆ, ಅಂಟು. ಪದರ ಪದರವಾಗಿ ಅಂಟಿಸಿ ಒಣಗಿಸಿದ್ದು. ಹೊಸ ಶೂ ಬಂದ ದಿನ ಮೊಮ್ಮಗಳು ಅದನ್ನು ಬಾಗಿಲ ಸಂದಿಗಿಟ್ಟು ಅಮುಕುವುದು, ಗೋಡೆಗೆ ಬಡಿಯುವುದು ನೋಡಿ ಅಮ್ಮ ಹೌಹಾರಿದಳು. “ಅಷ್ಟು ದುಡ್ಡು ಕೊಟ್ಟು ತಂದಿದ್ದನ್ನ ಯಾಕೆ ಮುರೀತಿದೀಯೆ?” ಸದ್ದಾಗಬಾರದು ಅಜ್ಜಿ, ಕುಣಿಯುವಾಗ ಟಪಟಪ ಅನ್ನುತ್ತದೆ ಅಂತ ಇವಳು. ಅಮ್ಮ ತುಂಬಾ ಹೊತ್ತು ಯೋಚಿಸಿದಳು. “ನಮ್ಮಲ್ಲಿ ಸದ್ದಾಗಲಿ ಅಂತ ಗೆಜ್ಜೆ ಕಟ್ತಾರೆ, ನಿಮ್ಮಲ್ಲಿ ಆಗದಿರಲಿ ಅಂತ ಶೂ ಬಡೀತಾರೆ.”

ಅಮ್ಮನದೇ ಇನ್ನೊಂದು ಪ್ರಶ್ನೆ: “ಇದ್ರಲ್ಲಿ ನಮ್ಮೋರು ಯಾರಾದ್ರೂ ಇದಾರಾ?” ನನ್ನ ಹತ್ತಿರ ಉತ್ತರ ತಯಾರಿತ್ತು. ಇಂಗ್ಲೆಂಡಿನಲ್ಲಿ 1934ರಲ್ಲಿ ಇಡೀ ‘ನಟ್‌ಕ್ರ್ಯಾಕರ್’ ಮೊದಲು ಆಡಿದಾಗ ಮಿಠಾಯಿ ನಾಡಿನ ರಾಣಿ ಶುಗರ್ ಪ್ಲಮ್ ಫೇರಿಯಾಗಿ ಕುಣಿದದ್ದು ಅಲಿಸಿಯಾ ಮಾರ್ಕೋವಾ. ಅದೇ ಮಾರ್ಕೋವಾ 1960ರಲ್ಲಿ ರಾಧೆಯಾದರು. ಕೃಷ್ಣನಾದದ್ದು ನರ್ತಕ ರಾಮ್ ಗೋಪಾಲ್, ಬೆಂಗಳೂರಲ್ಲಿ ಹುಟ್ಟಿದವರು. “ಹಂಗಾದ್ರೆ ಪರವಾಗಿಲ್ಲ,” ಅಂದಳು ಅಮ್ಮ.

ಬ್ಯಾಲೆಯವರು ಹಾಕುವ ಗುಲಾಬಿ ಬಣ್ಣದ ಬಗ್ಗೆ ನನಗೊಂದು ತಕರಾರು ಉಂಟು. ಶೂ, ಕಾಲುಚೀಲ ಎರಡೂ ಮೈಬಣ್ಣಕ್ಕೆ ಹೊಂದಬೇಕು, ಆಗ ಕಾಲು ಉದ್ದ ಕಾಣುತ್ತದೆ ಅನ್ನುವುದು ಲೆಕ್ಕ. ಆದರೆ ಯಾರ ಮೈಬಣ್ಣ? ಕಪ್ಪು ಕಲಾವಿದರು ವರ್ಷಾನುಗಟ್ಟಲೆ ಶೂಗೆ ಮುಖದ ಫೌಂಡೇಶನ್ ಬಳಿದುಕೊಂಡು ಕುಣಿದಿದ್ದಾರೆ. ಲಂಡನ್ನಿನ ಫ್ರೀಡ್ ಕಂಪನಿ ಕಂದು ಬಣ್ಣದ ಶೂ ಮಾರಾಟಕ್ಕೆ ತಂದದ್ದು 2018ರಲ್ಲಿ. ಅಷ್ಟರಲ್ಲಿ ನಮ್ಮ ಮಗಳು ಗುಲಾಬಿ ಕಾಲುಚೀಲದಲ್ಲೇ ನಾಲ್ಕು ಇಲಿ, ಎರಡು ಹಿಮದ ಹೂವು ಮುಗಿಸಿದ್ದಳು.

ಈಗ ನೋಡಿ, ಬ್ಯಾಲೆ ಬಿಟ್ಟ ಮೇಲೆ ಅವಳು ಬ್ಯಾಲೆಯವಳ ಹಾಗೆ ಬಟ್ಟೆ ಹಾಕುತ್ತಾಳೆ. ಅಡ್ಡಲಾಗಿ ಸುತ್ತಿ ಕಟ್ಟುವ ಸ್ವೆಟರ್, ಮೀನಖಂಡಕ್ಕೆ ಉಣ್ಣೆಯ ಲೆಗ್ ವಾರ್ಮರ್, ಕೂದಲಿಗೆ ರಿಬ್ಬನ್, ಕಾಲಿಗೆ ತೆಳ್ಳನೆಯ ಬ್ಯಾಲೆ ಫ್ಲಾಟ್ಸ್. ಬ್ಯಾಲೆಕೋರ್ ಅಂತ ಹೆಸರಂತೆ. ಚಳಿಯ ಕೋಣೆಯಲ್ಲಿ ಸ್ನಾಯು ಬೆಚ್ಚಗಿರಲಿ ಅಂತ ಹಾಕುತ್ತಿದ್ದ, ಬೆವರು ನಾರುವ ಬಟ್ಟೆ ಅದು. ಆಗ ಹಾಕಿಕೋ ಅಂದರೆ ಚುಚ್ಚುತ್ತೆ ಅಂತ ಅಳುತ್ತಿದ್ದಳು. ಈಗ ಅದನ್ನೇ ಹಾಕಿಕೊಂಡು ಕಾಫಿ ಅಂಗಡಿಗೆ ಹೋಗುತ್ತಾಳೆ.

ಈ ಹುಚ್ಚು ಇವತ್ತಿನದಲ್ಲ ಬಿಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಚರ್ಮದ ಶೂಗೆ ರೇಷನ್ ಬಂತು. ಬ್ಯಾಲೆ ಚಪ್ಪಲಿಗೆ ಇರಲಿಲ್ಲ. ಕ್ಲೇರ್ ಮೆಕಾರ್ಡೆಲ್ ಎಂಬ ವಿನ್ಯಾಸಗಾರ್ತಿ ಕಪೀಜಿಯೋ ಕಂಪನಿಗೆ ಹೇಳಿ, ಅದೇ ಚಪ್ಪಲಿಗೆ ಗಟ್ಟಿ ಅಡಿ ಹಾಕಿಸಿ ಬೀದಿಗೆ ಇಳಿಸಿದರು. 1956ರಲ್ಲಿ ಪ್ಯಾರಿಸ್ಸಿನ ರೋಸ್ ರೆಪೆಟ್ಟೋ ನಟಿ ಬ್ರಿಜಿತ್ ಬಾರ್ದೋಗೆ ಅಂತ ಒಂದು ಜೊತೆ ಮಾಡಿಕೊಟ್ಟರು. ಆಮೇಲೆ ಕೇಳಬೇಕೇ. ನಾನೂ ಒಂದು ಜೊತೆ ತಂದೆ. ಒಂದು ವಾರಕ್ಕೆ ಹಿಮ್ಮಡಿ ಹಿಡಿದುಕೊಂಡಿತು. ಕಾಗದದ ಮೇಲೆ ನಡೆದ ಹಾಗೆ, ರಸ್ತೆಯ ಒಂದೊಂದು ಕಲ್ಲೂ ಹೆಸರು ಹೇಳಿಕೊಂಡು ಪರಿಚಯ ಮಾಡಿಕೊಳ್ಳುತ್ತದೆ.

ಡಿಸೆಂಬರ್ ಬಂತೆಂದರೆ ಅಂಗಡಿಗಳಲ್ಲೆಲ್ಲ ಶುಗರ್ ಪ್ಲಮ್ ಫೇರಿಯ ಸಂಗೀತ. ಪುಟ್ಟ ಗಂಟೆಗಳ ಹಾಗೆ ಕೇಳಿಸುವ ಆ ವಾದ್ಯ ಸೆಲೆಸ್ಟಾ. ಚೈಕೋವ್‌ಸ್ಕಿ ಅದನ್ನು ಪ್ಯಾರಿಸ್ಸಿನಲ್ಲಿ ಕೇಳಿ, ಬೇರೆ ಸಂಗೀತಗಾರರಿಗೆ ಸುಳಿವು ಸಿಗದಂತೆ ಗುಟ್ಟಾಗಿ ತರಿಸಿಕೊಂಡರಂತೆ. ಈರುಳ್ಳಿ ಆರಿಸುತ್ತಿದ್ದರೂ ಅದು ಕಿವಿಗೆ ಬಿದ್ದರೆ ನನ್ನ ಹಲ್ಲು ಸುಮ್ನೆ ಕಚ್ಚಿಕೊಳ್ಳುತ್ತದೆ, ಬಾಯಲ್ಲಿ ಪಿನ್ ಹಿಡಿದ ಹಾಗೆ.

ಕಳೆದ ಡಿಸೆಂಬರಿನಲ್ಲಿ ಮಗಳು ತಾನೇ ಟಿಕೆಟ್ ತೆಗೆದು ಬ್ಯಾಲಂಚೀನ್ ಕಟ್ಟಿದ ಆ ಬ್ಯಾಲೆ ನೋಡಲು ನ್ಯೂಯಾರ್ಕಿನ ಲಿಂಕನ್ ಸೆಂಟರಿಗೆ ಕರೆದುಕೊಂಡು ಹೋದಳು. ಮರ ಬೆಳೆಯಿತು. ಕಾಗದದ ಹಿಮ ಬಿತ್ತು. ಇಲಿಗಳು ಬಂದಾಗ ನಾನು ತುಟಿ ಬಿಚ್ಚಲಿಲ್ಲ. ಅವಳೇ ನನ್ನ ಮೊಣಕೈ ತಿವಿದು ಎಡಗಡೆ ತೋರಿಸಿದಳು.

ಹೊರಗೆ ಬಂದರೆ ನಿಜವಾದ ಹಿಮ, ಆಗಲೇ ಕೊಚ್ಚೆಯಾಗಿತ್ತು. ಅವಳ ಕಾಲಲ್ಲಿ ಬ್ಯಾಲೆ ಫ್ಲಾಟ್ಸ್. ಸಾಕ್ಸ್ ಹಾಕ್ಕೋ ಅಂತ ಬೆಳಿಗ್ಗೆಯೇ ಹೇಳಿದ್ದೆ. ಸಾಕ್ಸ್ ಹಾಕಿದ್ರೆ ಲುಕ್ಕೇ ಹೋಗತ್ತೆ ಅಮ್ಮಾ ಅಂದಿದ್ದಳು. ರೈಲು ಹತ್ತಿದ ಮೇಲೆ ಏನೂ ಹೇಳದೆ ಒದ್ದೆ ಶೂ ಬಿಚ್ಚಿ, ಎರಡೂ ಕಾಲು ತಂದು ನನ್ನ ಮಡಿಲಲ್ಲಿಟ್ಟಳು. ಐಸ್ ತುಂಡು. ಶಾಲು ಸುತ್ತಿ ತಿಕ್ಕುತ್ತಾ ಕೂತೆ. ಹೆಬ್ಬೆರಳಿನ ಪಕ್ಕ ಆ ಹಳೇ ಗಂಟು ಇನ್ನೂ ಹಾಗೇ ಇದೆ.