ಹಾರಿದವನು ಇನ್ನೂ ಇಳಿದಿಲ್ಲ

ಇಟಲಿಯ ಚಿತ್ರಕಾರ ಟಿಷಿಯನ್ ಬರೆದ ‘ಬ್ಯಾಕಸ್ ಮತ್ತು ಅರಿಯಾಡ್ನೆ’ ಚಿತ್ರ ನೋಡಿದಾಗಲೆಲ್ಲ ನನಗೆ ಒಂದೇ ಚಿಂತೆ: ಈ ಬ್ಯಾಕಸ್ ಮುಗ್ಗರಿಸಿ ಬೀಳ್ತಾನೆ. ರಥದಿಂದ ಹಾರಿಬಿಟ್ಟಿದ್ದಾನೆ. ಗುಲಾಬಿ ಬಣ್ಣದ ಹೊದಿಕೆ ಹಿಂದೆ ಹಾರುತ್ತಿದೆ. ಕಣ್ಣೆಲ್ಲ ಹುಡುಗಿಯ ಮೇಲೆ, ಕಾಲಿನ ಕಡೆ ಗಮನವೇ ಇಲ್ಲ. ದ್ರಾಕ್ಷಾರಸದ ದೇವರು ಬೇರೆ! 1523ರಲ್ಲಿ ಮುಗಿದ ಚಿತ್ರ. 500 ವರ್ಷ ದಾಟಿದರೂ ಗಾಳಿಯಲ್ಲೇ ಇದ್ದಾನೆ.

ಈ ಕಡೆ ಅರಿಯಾಡ್ನೆ, ಗ್ರೀಕ್ ಪುರಾಣದ ಕ್ರೀಟ್ ದ್ವೀಪದ ರಾಜಕುಮಾರಿ. ವೀರ ಥೀಸಿಯಸ್‌ನ ಕೈಗೆ ನೂಲಿನುಂಡೆ ಕೊಟ್ಟು, ಹೊಕ್ಕವರು ಹೊರಬರಲಾಗದ ಜಾಗದಿಂದ ಅವನನ್ನು ಜೀವಂತ ಉಳಿಸಿದವಳು. ಅವನೋ, ನ್ಯಾಕ್ಸೋಸ್ ದ್ವೀಪದಲ್ಲಿ ಇವಳು ಮಲಗಿದ್ದಾಗ ಹಡಗು ಹತ್ತಿ ಹೊರಟೇಬಿಟ್ಟ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ, ಅಲ್ವಾ?

ಮೊಬೈಲಿನಲ್ಲಿ ಚಿತ್ರದ ಎಡ ಅಂಚನ್ನು ಎರಡು ಬೆರಳಿಂದ ಹಿಗ್ಗಿಸಿ ನೋಡಿ. ದೂರದ ಸಮುದ್ರದ ಮೇಲೆ ಪುಟ್ಟದೊಂದು ಹಡಗು. ಅರಿಯಾಡ್ನೆಯ ಕೈ ಇನ್ನೂ ಆ ಕಡೆಗೇ ಚಾಚಿದೆ. ಮುಖ ಮಾತ್ರ ಈ ಕಡೆ ತಿರುಗಿದೆ. ಹೋದವನನ್ನು ಕರೆದು ಮುಗಿದಿಲ್ಲ, ಆಗಲೇ ಇನ್ನೊಬ್ಬ ಹಾರಿ ಬಂದಿದ್ದಾನೆ. ನನಗೆ ಈ ಚಿತ್ರದಲ್ಲಿ ಬ್ಯಾಕಸ್‌ಗಿಂತ ಆ ಕೈಯೇ ಜಾಸ್ತಿ ಇಷ್ಟ.

ಅವಳು ಉಟ್ಟ ನೀಲಿ ಅಗ್ಗದ್ದಲ್ಲ. ಅಫ್ಘಾನಿಸ್ತಾನದ ಲಾಪಿಸ್ ಲಾಜುಲಿ ಕಲ್ಲು ಅರೆದು ತೆಗೆದ ಬಣ್ಣ. ಬರೆಸಿದವನು ಇಟಲಿಯ ಫೆರಾರಾದ ದೊರೆ ಆಲ್ಫಾನ್ಸೊ, ತನ್ನ ಖಾಸಗಿ ಕೋಣೆಗೆ. ಮೊದಲು ಇನ್ನೊಬ್ಬ ಚಿತ್ರಕಾರ ರಾಫೆಲ್‌ಗೆ ಹೇಳಿದ್ದನಂತೆ. ಆತ 1520ರಲ್ಲಿ ತೀರಿಕೊಂಡ. ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಬ್ಯಾಕಸ್‌ನ ಹಿಂದೆ ಬಂದಿರುವುದು ದಿಬ್ಬಣವೋ ದೊಂಬಿಯೋ ಗೊತ್ತಾಗುವುದಿಲ್ಲ. ಒಬ್ಬಳು ತಾಳ ಹಾಕುತ್ತಿದ್ದಾಳೆ. ಒಬ್ಬ ಮೈಗೆ ಹಾವು ಸುತ್ತಿಕೊಂಡಿದ್ದಾನೆ. ಮೇಕೆಕಾಲಿನ ಪುಟ್ಟ ಹುಡುಗನೊಬ್ಬ ಕರುವಿನ ತಲೆಯನ್ನು ನೆಲದ ಮೇಲೆ ಎಳೆಯುತ್ತಾ, ಪ್ರೇಮಿಗಳನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದಾನೆ. ಅವನ ಮೇಲೆ ಬೊಗಳಲು ಒಂದು ಚಿಕ್ಕ ನಾಯಿ. ರಥದ ಎರಡು ಚೀತಾಗಳಿಗೆ ಇದ್ಯಾವುದೂ ಬೇಡ. ಸುಮ್ನೆ ಒಂದರ ಮುಖ ಇನ್ನೊಂದು ನೋಡಿಕೊಂಡು ನಿಂತಿವೆ.

ಆಮೇಲೆ ಆ ನಕ್ಷತ್ರಗಳು. ಹಾಡುಹಗಲಲ್ಲಿ, ಅರಿಯಾಡ್ನೆಯ ತಲೆಯ ಮೇಲೆ, ಬಳೆಯ ಹಾಗೆ ದುಂಡಗೆ ಎಂಟು. ಬ್ಯಾಕಸ್ ಅವಳ ಕಿರೀಟವನ್ನು ಆಕಾಶಕ್ಕೆ ಏರಿಸಿದ ಅಂತ ಕತೆ. ಆದರೆ ಅದು ನಡೆಯುವುದು ಮುಂದೆ! ಇಲ್ಲಿ ಇವನ ಕಾಲು ನೆಲ ಮುಟ್ಟಿಲ್ಲ, ಅವಳು ಹೂಂ ಅಂದಿಲ್ಲ. ಮೇಲೆ ಮಾತ್ರ ಎಲ್ಲ ನಿಕ್ಕಿಯಾಗಿಬಿಟ್ಟಿದೆ.

ಅವಳು ತಲೆಯೆತ್ತಿ ನೋಡಿಲ್ಲ. ಕೈ ಇನ್ನೂ ಹಡಗಿನ ಕಡೆಗೇ ಇದೆ.